ಮೈದಾನದ ನಡುವೆ ಕೂತ ಡಾಕ್ಟರು

ಸಿಟ್ಟು ಬಂದಾಗ ಅವರ ಎಡಗಿವಿ ಮಾತ್ರ ಕೆಂಪಾಗುತ್ತಿತ್ತು. ಮುಖ ಶಾಂತವಾಗಿರುತ್ತಿತ್ತು, ದನಿ ಏರುತ್ತಿರಲಿಲ್ಲ, ಕೈಗಳು ಪ್ಯಾಂಟಿನ ಜೇಬು ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹಾಲೆ ಮೊದಲು ರಂಗೇರಿ, ಆಮೇಲೆ ಇಡೀ ಕಿವಿ ಹೆಚ್ಚಿಟ್ಟ ಬೀಟ್‌ರೂಟಿನ ಬಣ್ಣಕ್ಕೆ ತಿರುಗುತ್ತಿತ್ತು. ಬಲಗಿವಿ ಯಾಕೆ ಕೆಂಪಾಗಲ್ಲ ಅಂಕಲ್ ಎಂದು ಒಮ್ಮೆ ಕೇಳಿದ್ದೆ. “ಅದು ನನ್ನಕಿಂತ ಮೊದಲ ರಿಟೈರ್ ಆಗೇತಿ” ಎಂದಿದ್ದರು.

ಅವರ ಸಿಟ್ಟಿನ ಬಗ್ಗೆ ಬರೆಯಬೇಕೆಂದೇ ಕೂತಿದ್ದೇನೆ. ಅವರು ಹೋದ ಮೇಲೆ ನಮ್ಮ ಕನ್ನಡದವರು ಆಡಿದ ಮಾತುಗಳಲ್ಲಿ ಎಲ್ಲವೂ ಇತ್ತು. ಒಳ್ಳೆಯ ಮನುಷ್ಯ, ನಗುಮುಖದವರು, ಯಾರನ್ನೂ ನೋಯಿಸಿದವರಲ್ಲ. ಸುಳ್ಳು. ಅವರು ಬೇಕಾದಷ್ಟು ಜನರನ್ನು ನೋಯಿಸಿದ್ದರು, ಬೇಕೆಂದೇ ನೋಯಿಸಿದ್ದರು, ಅದರಲ್ಲಿ ಹೆಚ್ಚಿನವರು ಅದಕ್ಕೆ ತಕ್ಕವರೇ ಆಗಿದ್ದರು.

ಅವರು ಅಟ್ಲಾಂಟಾ ಬಳಿಯ ಸುವಾನಿಯಲ್ಲಿ ನಮ್ಮ ಹಿಂದಿನ ಬೀದಿಯವರು. ಬಾದಾಮಿ ಕಡೆಯವರು. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ಬಂದು, ನರರೋಗ ತಜ್ಞರಾಗಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬ ಮಗ ವಾಷಿಂಗ್ಟನ್ನಿನ ಹೊರಗೆ ವರ್ಜೀನಿಯಾದಲ್ಲಿದ್ದ. ನಾನು ಮೈಸೂರಿನವಳು, ಕೆಲಸದಲ್ಲಿ ಫಿಸಿಯೋಥೆರಪಿಸ್ಟ್. ೨೦೨೦ರಲ್ಲಿ ಕೊರೊನಾ ಬಂದು ನಮ್ಮ ಕ್ಲಿನಿಕ್ ಮುಚ್ಚಿದ್ದಾಗ ಅವರ ಮೊಣಕಾಲಿನ ಆಪರೇಷನ್ ಆಗಿತ್ತು. ನಮ್ಮ ಡ್ರೈವ್‌ವೇಯಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು ನಾನು ಅವರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದೆ. ಹಾಗೆ ಶುರುವಾದದ್ದು ನಮ್ಮ ಪರಿಚಯ.

ಬೀದಿಯ ಮಕ್ಕಳು ಅವರನ್ನು ‘ಹೆಲ್ಮೆಟ್ ತಾತ’ ಎನ್ನುತ್ತಿದ್ದರು. ತಲೆಗೆ ಏನೂ ಇಲ್ಲದೆ ಸೈಕಲ್ ಹತ್ತಿದ ಮಗು ಕಂಡರೆ ಅವರು ನಡೆಯುವುದು ನಿಲ್ಲಿಸಿ, ಆ ಮಗುವಿನ ಮನೆ ಬಾಗಿಲು ತಟ್ಟಿ, ಅಪ್ಪ ಅಮ್ಮಂದಿರನ್ನು ಹೊರಗೆ ಕರೆದು ಮಾತಾಡುತ್ತಿದ್ದರು. ಒಮ್ಮೆ ನನ್ನ ಗಂಡ, “ನಾವೆಲ್ಲ ಎಷ್ಟು ಸಲ ಬಿದ್ದಿಲ್ಲ ಅಂಕಲ್? ಬಿದ್ವಿ, ಎದ್ವಿ, ಏನೂ ಆಗಿಲ್ಲ” ಎಂದು ನಕ್ಕ.

“ಏನೂ ಆಗಿಲ್ಲ ಅಂತ ನಿಮಗ ಹೆಂಗ ಗೊತ್ತು?” ಎಂದರು ಅವರು. ಕಿವಿ ಕೆಂಪಾಗಿತ್ತು. ಆ ಸಂಜೆ ನನ್ನ ಗಂಡ ನಿಜವಾಗಿಯೂ ಚಿಂತೆಗೆ ಬಿದ್ದ.

ಆ ಸಿಟ್ಟು ಎಲ್ಲಿಂದ ಬಂತೆಂದು ನನಗೆ ಗೊತ್ತಾದದ್ದು ಎರಡು ವರ್ಷದ ನಂತರ, ಒಂದು ಮಧ್ಯಾಹ್ನ. ಇಂಗ್ಲೆಂಡಿನ ಒಂದು ಕ್ಲಬ್ಬಿನವರು ವಿಡಿಯೋ ಕಾಲ್ ಇಟ್ಟುಕೊಂಡಿದ್ದಾರೆ, ಲ್ಯಾಪ್‌ಟಾಪ್ ಸೆಟ್ ಮಾಡಿಕೊಡು ಎಂದು ಕರೆದಿದ್ದರು. ಹೋಗಿ ನೋಡಿದರೆ ಕೋಟು, ಟೈ ಹಾಕಿ ಕೂತಿದ್ದರು. ಕರೆ ಶುರುವಾಗುವ ಮುಂಚೆ ಅವರೇ ಕಥೆ ಹೇಳಿದರು.

ಎಂಬತ್ತರ ದಶಕದ ಆರಂಭ. ಉತ್ತರ ಇಂಗ್ಲೆಂಡಿನ ಒಂದು ಉಣ್ಣೆ ಗಿರಣಿಯ ಊರು. ಇವರು ಅಲ್ಲಿನ ಆಸ್ಪತ್ರೆಯಲ್ಲಿ ಹೊಸ ಡಾಕ್ಟರು. ಆ ಊರಿಗೆ ರಗ್ಬಿ ಲೀಗ್ ಎಂದರೆ ಜೀವ. ನನಗೆ ಆಗ ಆ ಆಟದ ತಲೆಬುಡ ಗೊತ್ತಿರಲಿಲ್ಲ. “ಕಬಡ್ಡಿ ಆಡಾವ್ರ ಕೈಯಾಗ ಒಂದ್ ಚೆಂಡ್ ಕೊಟ್ರ ಹೆಂಗಿರತೈತಿ? ಹಂಗ” ಎಂದು ವಿವರಿಸಿದರು. ಒಂದು ಕಡೆ ಹದಿಮೂರು ಮಂದಿ, ಮೊಟ್ಟೆಯಾಕಾರದ ಚೆಂಡು, ತಲೆಗೆ ರಕ್ಷಣೆಯಿಲ್ಲ, ಎದುರಿನವರನ್ನು ಸೀಳಿಕೊಂಡು ಓಡಬೇಕು, ಅವರು ಹಿಡಿದು ಕೆಡವಬೇಕು. ಚೆಂಡನ್ನು ಎದುರಾಳಿಗಳ ಗೆರೆಯಾಚೆ ನೆಲಕ್ಕೆ ಒತ್ತಿದರೆ ಅದಕ್ಕೆ ‘ಟ್ರೈ’ ಎನ್ನುತ್ತಾರೆ.

ಆಟಗಾರರಿಗೆ ಸಂಬಳ ಇತ್ತು. ಆದರೆ ಅದರಲ್ಲಿ ಬದುಕಲಾಗುತ್ತಿರಲಿಲ್ಲ. ವಾರವೆಲ್ಲ ಗಣಿಯಲ್ಲೋ ಗಿರಣಿಯಲ್ಲೋ ದುಡಿದು ಭಾನುವಾರ ಆಡುತ್ತಿದ್ದರು. ಆ ಕ್ಲಬ್ಬಿಗೆ ಪಂದ್ಯದ ದಿನ ಒಬ್ಬ ಡಾಕ್ಟರ್ ಬೇಕಿತ್ತು, ಇವರು ಒಪ್ಪಿಕೊಂಡರು. ಆ ವರ್ಷ, ಯಾರೂ ನಿರೀಕ್ಷಿಸದೆ, ತಂಡ ಗೆಲ್ಲುತ್ತಾ ಹೋಗಿ ಮೇಲಿನ ದರ್ಜೆಗೆ ಏರುವ ಹಂತಕ್ಕೆ ಬಂತು. ಊರು ಇವತ್ತಿಗೂ ಅದನ್ನು ‘ಬಂಗಾರದ ವರ್ಷ’ ಎನ್ನುತ್ತದೆ.

ಕೊನೆಯ ಪಂದ್ಯಗಳಲ್ಲೊಂದರಲ್ಲಿ ತಂಡದ ಒಬ್ಬ ಕಟ್ಟುಮಸ್ತು ಆಟಗಾರ, ಗಣಿಯ ಕೆಲಸಗಾರ, ಇನ್ನೊಬ್ಬನ ಮೊಣಕಾಲಿಗೆ ತಲೆ ಬಡಿದು ಬಿದ್ದ. ಇವರು ಓಡಿಹೋಗಿ ನೋಡಿದರು. ಅವನು ತನ್ನ ತಾಯಿಯನ್ನು ಕರೆಯುತ್ತಿದ್ದ. ಆಕೆ ಸತ್ತು ಎಷ್ಟೋ ವರ್ಷ ಆಗಿತ್ತು. ಇವರು ಅವನನ್ನು ಆಟದಿಂದ ಹೊರಗೆ ತಂದರು. ತರಬೇತುದಾರ ಬಂದು, “ನೀವು ಹೊಲಿಗೆ ಹಾಕೋಕೆ ಇರೋದು ಡಾಕ್ಟರೇ, ಟೀಮ್ ಆರಿಸೋಕಲ್ಲ” ಎಂದ. ಕ್ಲಬ್ಬಿನ ಪದಾಧಿಕಾರಿಗಳಲ್ಲಿ ಒಬ್ಬ ಹಿರಿಯ ಡಾಕ್ಟರಿದ್ದ. ಅವನನ್ನು ಮೇಲಿನ ಆಸನದಿಂದ ಕರೆಸಿದರು. ಅವನು ಆಟಗಾರನ ಕೆನ್ನೆ ತಟ್ಟಿ, ಮುಖಕ್ಕೆ ತಣ್ಣೀರಿನ ಸ್ಪಂಜು ಹಿಂಡಿ, ಸರಿ ಇದ್ದಾನೆ ಎಂದ. ಇವರ ಕಡೆ ತಿರುಗಿ, “ನಿಮ್ಮ ದೇಶದ ತಲೆಗಳು ಮೆತ್ತಗಿರಬಹುದು” ಎಂದೂ ಹೇಳಿದ. ಸುತ್ತ ನಿಂತವರು ನಕ್ಕರು.

ಆ ಆಟಗಾರ ಮತ್ತೆ ಕಣಕ್ಕಿಳಿದ. ಪಂದ್ಯ ಗೆಲ್ಲಿಸಿದ ಟ್ರೈ ಅವನದೇ.

“ಆ ಟ್ರೈ ಅವ್ನಿಗೆ ಯಾವತ್ತೂ ನೆನಪಿಲ್ಲ, ತಂಗಿ” ಎಂದರು. “ಮರುದಿನಾನೂ ಇರ್ಲಿಲ್ಲ. ಊರಿಗೆ ಊರ ನೆನಪಿಟ್ಟೈತಿ, ಹೊಡದಾಂವಗ ನೆನಪಿಲ್ಲ. ಅದಾದ ಮ್ಯಾಲೂ ಆಡ್ಸಿದ್ರು. ಐವತ್ತು ದಾಟೂದ್ರಾಗ ಮನೀಗಿ ಹೋಗೂ ದಾರಿ ಮರತ.”

ಇವರು ನರರೋಗದ ಕಡೆ ಹೊರಳಿದ್ದು ಅವನಿಂದಲೇ. ದೇಶ ಬದಲಾಯಿಸಿದರೂ ಆ ಮನುಷ್ಯನ ಹೆಂಡತಿಗೆ ಫೋನ್ ಮಾಡುವುದು ಬಿಡಲಿಲ್ಲ.

ಕರೆ ಶುರುವಾಯಿತು. ಕ್ಲಬ್ಬಿನ ಹಾಲ್ ತುಂಬ ಜನ, ಕೈಯಲ್ಲಿ ಗ್ಲಾಸು. ಬಂಗಾರದ ವರ್ಷದ ನೆನಪಿನ ಸಮಾರಂಭ ಅದು. ಮುಂದಿನ ಸಾಲಿನಲ್ಲಿ ಒಬ್ಬ ದೊಡ್ಡ ಮನುಷ್ಯನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಕೊರಳಿಗೆ ಕ್ಲಬ್ಬಿನ ಬಣ್ಣದ ಶಾಲು ಸುತ್ತಿದ್ದರು. ಪಕ್ಕದಲ್ಲಿ ಹೆಂಡತಿ. ಪರದೆಯ ಮೇಲೆ ಆ ಟ್ರೈ ತೋರಿಸಿದರು. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಗಾಲಿಕುರ್ಚಿಯವನು ಪರದೆ ನೋಡಲಿಲ್ಲ, ಶಾಲಿನ ಕುಚ್ಚು ಹಿಡಿದು ಆಡುತ್ತಿದ್ದ. ಉಳಿದವರು ತಟ್ಟುವುದು ಕಂಡು ತಾನೂ ತಟ್ಟಿದ. ಅದನ್ನು ನೋಡಿ ಹಾಲಿನಲ್ಲಿ ಇನ್ನೂ ದೊಡ್ಡ ಚಪ್ಪಾಳೆಯಾಯಿತು.

ಆಮೇಲೆ ಡಾಕ್ಟರ್ ಎರಡು ಮಾತಾಡಲಿ ಎಂದರು. ಇವರು ದನಿ ಏರಿಸದೆ ಇಂಗ್ಲಿಷಿನಲ್ಲಿ ಹೇಳಿದರು: “ನೀವು ಈಗ ನೋಡಿದ ಟ್ರೈ ಹೊಡೆಯುವಾಗ ಈ ಮನುಷ್ಯನಿಗೆ ತಾನು ಯಾವ ಊರಲ್ಲಿದ್ದೇನೆಂದು ಗೊತ್ತಿರಲಿಲ್ಲ. ಹೊರಗೆ ಬಿಡಿ ಎಂದು ನಾನು ಹೇಳಿದ್ದೆ. ನೀವು ಒಳಗೆ ಕಳಿಸಿದಿರಿ. ನಲವತ್ತು ವರ್ಷದಿಂದ ಆತನ ಹೆಂಡತಿ ಅದರ ಬೆಲೆ ತೆರುತ್ತಿದ್ದಾಳೆ. ಇವತ್ತು ಅವಳ ಎದುರೇ ಅದಕ್ಕೆ ಚಪ್ಪಾಳೆ ಹೊಡೆಯುತ್ತಿದ್ದೀರಿ. ನಾಚಿಕೆಯಾಗಬೇಕು.”

ಇನ್ನೂ ಹೇಳುವವರಿದ್ದರು. ಆ ಕಡೆ ಯಾರೋ ಇವರ ದನಿ ಬಂದ್ ಮಾಡಿದರು. ಬಾಯಿ ಆಡುತ್ತಲೇ ಇತ್ತು, ಅಲ್ಲಿ ನಿರೂಪಕ ಇನ್ನೊಬ್ಬರ ಹೆಸರು ಕರೆಯುತ್ತಿದ್ದ. ನಾನು ಲ್ಯಾಪ್‌ಟಾಪ್ ಮುಚ್ಚಲು ಹೋದೆ.

“ಬ್ಯಾಡ” ಎಂದರು. “ಆಕಿ ನನ್ನ ನೋಡಾಕತ್ತಾಳ.”

ನಿಜ. ಆ ಹೆಂಗಸು ಪರದೆಯನ್ನೇ ನೋಡುತ್ತಾ ಕೂತಿದ್ದಳು. ಸಮಾರಂಭ ಮುಗಿಯುವವರೆಗೂ ಇವರು ಟೈ ಸಡಿಲಿಸದೆ ಹಾಗೇ ಕೂತಿದ್ದರು.

ಮರುವರ್ಷ ನಮ್ಮ ಕಡೆಯೇ ಆ ಆಟ ಬಂತು. ಒಬ್ಬ ಮನೆ ಕಟ್ಟಿ ಮಾರುವ ಶ್ರೀಮಂತ ಹಣ ಹಾಕಿ, ಅಟ್ಲಾಂಟಾ, ಶಾರ್ಲೆಟ್, ರಾಲಿ, ವಾಷಿಂಗ್ಟನ್ ಕಡೆಯ ತಂಡಗಳನ್ನು ಸೇರಿಸಿ, ವೃತ್ತಿಪರ ರಗ್ಬಿ ಲೀಗಿನ ಸೀಸನ್ ಒಂದನ್ನು ಶುರುಮಾಡಿದ. ‘ಚರಿತ್ರೆ ಸೃಷ್ಟಿಸುವ ಸೀಸನ್’ ಎಂದು ಎಲ್ಲೆಡೆ ಬರೆಸಿದ. ನಮ್ಮ ಕಡೆಯ ತಂಡಕ್ಕೂ ಅವನೇ ಮಾಲೀಕ. ಡಾಕ್ಟರು ತಾವಾಗಿ ಹೋಗಿ ಸೇರಿಕೊಂಡು, ನನ್ನನ್ನೂ ಫಿಸಿಯೋ ಎಂದು ಎಳೆದುಕೊಂಡು ಹೋದರು.

“ನಿಮಗೆ ಈ ಆಟದ ಮೇಲೆ ಅಷ್ಟೊಂದು ಸಿಟ್ಟಿದೆಯಲ್ಲ ಅಂಕಲ್, ಯಾಕೆ ಹೋಗ್ತೀರಾ?” ಎಂದೆ.

“ಆಟದ ಮ್ಯಾಲೆ ಯಾಕ ಸಿಟ್ಟು? ಭಾಳ ಚಂದ ಆಟ. ಸಿಟ್ಟು ಆಡ್ಸಾವ್ರ ಮ್ಯಾಲೆ.”

ಆಮೇಲೆ ಇನ್ನೊಂದು ಮಾತು ಹೇಳಿದರು. ಇವತ್ತಿಗೂ ಕ್ಲಿನಿಕ್ಕಿನಲ್ಲಿ ದಿನಕ್ಕೊಮ್ಮೆ ನೆನಪಾಗುತ್ತದೆ. “ನೀ ಮೊಣಕಾಲು ರಿಪೇರಿ ಮಾಡಾಕಿ, ನಿಂಗ ಭರೋಸೆ ಇರತೈತಿ. ಮಿದುಳು ಮೊಣಕಾಲಲ್ಲ, ತಂಗಿ. ಅದಕ್ಕ ವ್ಯಾಯಾಮ ಮಾಡ್ಸಿ ಮೊದಲಿನಂಗ ಮಾಡಾಕ ಬರೂದಿಲ್ಲ.”

ತಂಡದ ಕ್ಯಾಪ್ಟನ್ ಒಬ್ಬ ಕಪ್ಪು ತರುಣ, ಶಾಲೆಯಲ್ಲಿ ಇತಿಹಾಸ ಕಲಿಸುವವನು. ಭಾರಿ ಆಳು. ಹುಡುಗರಿಗೆಲ್ಲ ಅವನೆಂದರೆ ಪ್ರಾಣ. ಡಾಕ್ಟರು ಬಸ್ಸಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ ತೆರೆದರೆ ಅವನು ಮೊದಲು ಕೈ ಚಾಚುತ್ತಿದ್ದ. ಪುಡಿಗೆ ‘ಖಾರದ ಮರಳು’ ಎಂದು ಹೆಸರಿಟ್ಟಿದ್ದ. ಡಾಕ್ಟರಿಗೆ ಅವನ ಮೇಲೆ ಮಗನಿಗಿಂತ ಹೆಚ್ಚು ಮಮತೆ ಇದ್ದಂತೆ ನನಗೆ ತೋರುತ್ತಿತ್ತು. ಅವನೂ ಇವರ ಬೈಗುಳಕ್ಕೆ ನಗುತ್ತಿದ್ದ.

ರಾಲಿಯಲ್ಲಿ ಪಂದ್ಯ. ಬೇಸಿಗೆಯ ಮಧ್ಯಾಹ್ನ, ಯಾವುದೋ ಹೈಸ್ಕೂಲಿನ ಮೈದಾನ, ನೆಲ ಕಾವಲಿಯಂತೆ ಕಾದಿತ್ತು. ಅವತ್ತು ಆಟವನ್ನು ನೇರ ಪ್ರಸಾರ ಮಾಡುತ್ತಿದ್ದರು. ಟಿವಿ ಕಂಪನಿಯವರು ನೋಡುತ್ತಿದ್ದಾರೆ, ಮೆಚ್ಚಿಕೊಂಡರೆ ಇಡೀ ಲೀಗನ್ನು ಕೊಳ್ಳುತ್ತಾರೆ ಎಂದು ಮಾಲೀಕ ಬೆಳಗಿನಿಂದ ಹೇಳುತ್ತಿದ್ದ. ಮೊದಲ ಅರ್ಧ ಮುಗಿಯುತ್ತಾ ಬಂದಾಗ ಕ್ಯಾಪ್ಟನ್ ಚೆಂಡು ಹಿಡಿದು ನುಗ್ಗಿದ. ಎದುರಿನವನ ಭುಜ ನೇರ ದವಡೆಗೆ ಬಡಿಯಿತು. ಬಿದ್ದ. ಎದ್ದ. ಎದ್ದವನು ತಪ್ಪು ದಿಕ್ಕಿಗೆ ನಡೆಯತೊಡಗಿದ.

ನಾನೂ ಡಾಕ್ಟರೂ ಅವನನ್ನು ಹೊರಗೆ ಕರೆತಂದು ನೆರಳಿನಲ್ಲಿ ಕೂರಿಸಿದೆವು.

“ನಾವು ಈಗ ಎಲ್ಲಿದ್ದೇವೆ?” ಎಂದು ಡಾಕ್ಟರು ಕೇಳಿದರು.

“ನಮ್ಮ ಊರಲ್ಲೇ.”

“ಕೊನೆಯ ಟ್ರೈ ಯಾರು ಹೊಡೆದರು?”

ಅವನು ನಕ್ಕ. ಸ್ಕೋರ್‌ಬೋರ್ಡಿನ ಕಡೆ ತಿರುಗಿ ಹುಡುಕಿದ. ಡಾಕ್ಟರು ಎದ್ದು ನಿಂತು, “ಇವನ ಆಟ ಮುಗಿಯಿತು” ಎಂದರು.

ಮಾಲೀಕ ಬಿಸಿಲುಕನ್ನಡಕ ತಲೆಗೇರಿಸಿಕೊಂಡು ಬಂದ. “ಡಾಕ್, ಅವನೇ ಚೆನ್ನಾಗಿದ್ದೇನೆ ಅಂತಿದ್ದಾನಲ್ಲ.”

“ಚೆನ್ನಾಗಿದ್ದೇನೆ ಎಂದು ಹೇಳುವುದು ಮಿದುಳು. ಪೆಟ್ಟು ಬಿದ್ದಿರುವುದೂ ಅದಕ್ಕೇ” ಎಂದರು ಡಾಕ್ಟರು. “ಅದರ ಸಾಕ್ಷಿ ನನಗೆ ಬೇಡ.”

ಮಾಲೀಕ ತರಬೇತುದಾರನ ಕಡೆ ನೋಡಿದ, ಅವನು ಕ್ಯಾಪ್ಟನ್ ಕಡೆ ನೋಡಿದ. ಹುಡುಗ ಎದ್ದು ನಿಂತಿದ್ದ. ಎರಡನೆಯ ಅರ್ಧ ಶುರುವಾದಾಗ, ನಾವು ಇನ್ನೊಬ್ಬನ ಕಾಲು ನೋಡುತ್ತಿದ್ದಾಗ, ಅವನನ್ನು ಒಳಗೆ ಕಳಿಸಿಬಿಟ್ಟಿದ್ದರು. ಪ್ರೇಕ್ಷಕರು ಅವನ ಹೆಸರು ಕೂಗಿದಾಗಲೇ ನಮಗೆ ಗೊತ್ತಾದದ್ದು.

ಡಾಕ್ಟರು ನನ್ನ ಕೈಗೆ ತಮ್ಮ ಚೀಲ ಕೊಟ್ಟರು. ಅವರ ಬಿಳಿ ಕಾಟನ್ ಟೋಪಿ ಸರಿಮಾಡಿಕೊಂಡರು. ಗೆರೆ ದಾಟಿ ಮೈದಾನದೊಳಗೆ ನಡೆದರು. ಮೊಣಕಾಲು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ, ನಿಧಾನ ನಡಿಗೆ. ಆಟ ನಿಂತಿತು. ನಡುಮೈದಾನದಲ್ಲಿ ಚೆಂಡು ಇಡುವ ಜಾಗಕ್ಕೆ ಹೋಗಿ, ಎರಡೂ ಕೈ ನೆಲಕ್ಕೂರಿ, ಕಾಲು ಚಾಚಿಕೊಂಡು ಕೂತುಬಿಟ್ಟರು.

ರೆಫರಿ ಬಂದು ಬಗ್ಗಿ ಏನೋ ಕೇಳಿದ. ಇವರು ಕ್ಯಾಪ್ಟನ್ ಕಡೆ ಬೆರಳು ತೋರಿಸಿದರು. ಜನ ಮೊದಲು ಕುತೂಹಲದಿಂದ ನೋಡಿದರು, ಆಮೇಲೆ ನಗು ಶುರುವಾಯಿತು. ಫೋನುಗಳು ಮೇಲೆದ್ದವು. ಮಾಲೀಕ ಗೆರೆಯ ಹತ್ತಿರ ನಿಂತು ಪೊಲೀಸರನ್ನು ಕರೆಸುತ್ತೇನೆ ಎಂದು ಕೂಗುತ್ತಿದ್ದ. ನಾನು ಚೀಲ ಹಿಡಿದುಕೊಂಡೇ ಒಳಗೆ ಓಡಿದೆ.

“ಅಂಕಲ್, ಬಿಸಿಲು. ಏಳಿ.”

“ಅವ್ನ ಕರಿ ಇಲ್ಲೆ.”

ಕರೆಯಬೇಕಾಗಲಿಲ್ಲ, ಹುಡುಗ ತಾನೇ ಬಂದ. ಇವರ ಪಕ್ಕ ಮಂಡಿಯೂರಿ, ಎಂದಿನ ಸೌಜನ್ಯದಿಂದಲೇ, “ಏಳಿ ಸರ್, ಸುಟ್ಟುಹೋಗ್ತೀರಾ” ಎಂದ.

“ನಾನು ಯಾರು, ಹೇಳು” ಎಂದರು ಇವರು.

ಅವನು ಇವರ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಒಂದು ಹೆಸರು ಹೇಳಿದ. ಅದು ಅವನ ಕಾಲೇಜಿನ ದಿನಗಳ ಯಾವುದೋ ತರಬೇತುದಾರನ ಹೆಸರು ಎಂದು ಆಮೇಲೆ ತಿಳಿಯಿತು. ಡಾಕ್ಟರ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಳು ಅಲ್ಲ ಅದು, ಸಿಟ್ಟು. ಎದುರಿಗೆ ಹೊಡೆಯಲು ಯಾರೂ ಸಿಗದ ಸಿಟ್ಟು.

ಅಷ್ಟರಲ್ಲಿ ಪ್ರೇಕ್ಷಕರ ಸಾಲಿನಿಂದ ಕ್ಯಾಪ್ಟನ್ನನ ಹೆಂಡತಿ ಇಳಿದು ಬಂದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಗಂಡನ ಕೈ ಹಿಡಿದು, “ಮನೆಗೆ ಹೋಗೋಣ” ಎಂದಳು. ಅವನು ಮಗುವಿನಂತೆ ಅವಳ ಹಿಂದೆ ಹೋದ. ಅವರಿಬ್ಬರೂ ಗೆರೆ ದಾಟಿದ ಮೇಲೆ ಡಾಕ್ಟರು ನನ್ನ ಭುಜ ಹಿಡಿದು ಎದ್ದರು.

ಪಂದ್ಯ ಸೋತೆವು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಇಂಥ ಪೆಟ್ಟು ಸ್ಕ್ಯಾನಿನಲ್ಲಿ ಕಾಣುವುದೇ ಅಪರೂಪ ಎಂಬುದು ನನಗೂ ಗೊತ್ತಿದ್ದ ಮಾತು. ಮಾಲೀಕನಿಗೆ ಅದು ಬೇಕಿರಲಿಲ್ಲ. ‘ಏನೂ ಆಗಿಲ್ಲ’ ಎಂಬುದಷ್ಟೇ ಬೇಕಿತ್ತು. ವೃತ್ತಿಪರರಿಗೆ ತಕ್ಕುದಲ್ಲದ ನಡವಳಿಕೆ ಎಂದು ಡಾಕ್ಟರನ್ನು ತೆಗೆದುಹಾಕಿದರು. ಅವರು ಮೈದಾನದಲ್ಲಿ ಕಾಲು ಚಾಚಿ ಕೂತ ವಿಡಿಯೋ ಎಲ್ಲೆಲ್ಲೂ ಓಡಾಡಿತು. ಕೆಳಗೆ ಜನ ಬರೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅವರ ಬಣ್ಣದ ಬಗ್ಗೆ, ಟೋಪಿಯ ಬಗ್ಗೆ, ಯಾವ ದೇಶಕ್ಕೆ ವಾಪಸ್ ಹೋಗಬೇಕು ಎಂಬುದರ ಬಗ್ಗೆ ಇತ್ತು.

ಅವರಿವರು ಬರೆದದ್ದು ಹಾಗಿರಲಿ. ಪಕ್ಕದ ಊರು ಕಮ್ಮಿಂಗ್‌ನಲ್ಲಿ ಒಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಬಿಸಿಬೇಳೆಬಾತ್ ತಟ್ಟೆ ಹಿಡಿದು ನಮ್ಮವರೇ ಒಬ್ಬರು, “ಈ ವಯಸ್ಸಲ್ಲಿ ಅಂಕಲ್‌ಗೆ ಇದೆಲ್ಲ ಬೇಕಿತ್ತಾ? ನಮ್ ಇಮೇಜ್ ಏನಾಗುತ್ತೆ? ವೀಸಾ ಮೇಲಿರೋರು ನಾವು, ಲೋ ಪ್ರೊಫೈಲ್ ಮೇಂಟೇನ್ ಮಾಡ್ಬೇಕು” ಎಂದರು. ಡಾಕ್ಟರು ಅಮೆರಿಕದ ಪ್ರಜೆಯಾಗಿ ಎಷ್ಟೋ ವರ್ಷವಾಗಿತ್ತು. ಒಂದು ತಲೆ ಉಳಿಯಿತಲ್ಲ ಎಂದು ಅಲ್ಲಿ ಒಬ್ಬರೂ ಹೇಳಲಿಲ್ಲ. ನಾನು ತಟ್ಟೆ ಅಲ್ಲೇ ಇಟ್ಟು ಬಂದೆ. ನನ್ನ ಗಂಡ ಕಾರಿನಲ್ಲಿ, “ನಿಂಗೂ ಅವರ ಥರಾನೇ ಆಗ್ತಿದೆ” ಎಂದ.

ನಾನೂ ಬಿಟ್ಟುಬಿಡುತ್ತೇನೆ ಎಂದು ಡಾಕ್ಟರ ಮನೆಗೆ ಹೋಗಿ ಹೇಳಿದೆ. ಅವರು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು.

“ಯಾಕ ಬಿಡ್ತಿ? ನೀ ಬಿಟ್ರ ಅಲ್ಲೆ ಯಾರು ಇರತಾರ?”

“ಸಿಟ್ಟು ಬರುತ್ತೆ ಅಂಕಲ್, ಅವರ ಮುಖ ನೋಡಿದ್ರೆ.”

“ಬರ್ಲಿ. ಸಿಟ್ಟು ಮನ್ಯಾಗ ಕುಂತು ಉಪ್ಪಿನಕಾಯಿ ಹಾಕೂದೇನು? ತಗೊಂಡ್ ಹೋಗು. ಗೆರಿ ಹತ್ರ ನಿಂದ್ರು.”

ನಿಂತೆ. ಸೀಸನ್ ಮುಗಿಯುವವರೆಗೆ ನಿಂತೆ. ಹೊಸದಾಗಿ ಬಂದ ಡಾಕ್ಟರ್ ಆಟಕ್ಕಿಂತ ಕ್ಯಾಮೆರಾ ಕಡೆ ಹೆಚ್ಚು ನೋಡುತ್ತಿದ್ದ. ತಲೆಗೆ ಪೆಟ್ಟಾದ ಪ್ರತಿಯೊಬ್ಬನ ಹಿಂದೆಯೂ ನಾನು ಹೋಗಿ, ಎಲ್ಲಿದ್ದೀಯ ಎಂದು ಕೇಳಿ, ಉತ್ತರ ತಪ್ಪಾದರೆ ಜಗಳ ಮಾಡಿದೆ. ಕೆಲವು ಜಗಳ ಗೆದ್ದೆ, ಎಲ್ಲವನ್ನೂ ಅಲ್ಲ. ಕ್ಯಾಪ್ಟನ್ ಆ ವರ್ಷ ಮತ್ತೆ ಆಡಲಿಲ್ಲ. ತಿಂಗಳುಗಟ್ಟಲೆ ಬೆಳಕು ನೋಡಲಾಗದೆ, ತರಗತಿಯಲ್ಲಿ ಮಾತು ಮರೆತು ಒದ್ದಾಡಿ, ನಿಧಾನಕ್ಕೆ ಚೇತರಿಸಿಕೊಂಡ. ಟಿವಿ ಕಂಪನಿ ಲೀಗನ್ನು ಕೊಳ್ಳಲಿಲ್ಲ. ಮುಂದಿನ ವರ್ಷ ಆ ಲೀಗೇ ಇರಲಿಲ್ಲ. ಚರಿತ್ರೆ ಸೃಷ್ಟಿಸುವ ಸೀಸನ್ ಬಗ್ಗೆ ಈಗ ಹುಡುಕಿದರೆ ಮುದುಕರೊಬ್ಬರು ಹುಲ್ಲಿನ ಮೇಲೆ ಕೂತ ವಿಡಿಯೋ ಮಾತ್ರ ಸಿಗುತ್ತದೆ.

ಆ ಸೀಸನ್ ಮುಗಿದ ಚಳಿಗಾಲದಲ್ಲಿ ಡಾಕ್ಟರು ತೀರಿಕೊಂಡರು. ಬೆಳಗಿನ ವಾಕಿಂಗ್ ಮುಗಿಸಿ ಬಂದು ಷೂ ಬಿಚ್ಚಲು ಕೂತವರು ಏಳಲಿಲ್ಲ. ಹೃದಯಾಘಾತ.

ಅಂತ್ಯಸಂಸ್ಕಾರದ ದಿನ ಫ್ಯೂನರಲ್ ಹೋಮಿಗೆ ಒಂದು ದೊಡ್ಡ ಹೂವಿನ ಚಕ್ರ ಬಂತು. ಮಾಲೀಕ ಕಳಿಸಿದ್ದು. ರಿಬ್ಬನ್ನಿನ ಮೇಲೆ ‘ನಮ್ಮ ಕುಟುಂಬದ ಪ್ರೀತಿಯ ಡಾಕ್ಟರಿಗೆ’ ಎಂದು ಬರೆಸಿದ್ದ. ವರ್ಜೀನಿಯಾದಿಂದ ಬಂದಿದ್ದ ಮಗ ಅದನ್ನು ಎಲ್ಲಿಡಬೇಕೆಂದು ನನ್ನನ್ನು ಕೇಳಿದ. ನಾನು ಅವನ ಕೈಯಿಂದ ತೆಗೆದುಕೊಂಡು, ಹಿಂದಿನ ಬಾಗಿಲಿನಿಂದ ಪಾರ್ಕಿಂಗ್ ಲಾಟಿಗೆ ಹೋಗಿ, ಕಸದ ದೊಡ್ಡ ಡಬ್ಬಿಯ ಮುಚ್ಚಳ ಎತ್ತಲು ನೋಡಿದೆ. ಒಂದೇ ಕೈಯಲ್ಲಿ ಆಗಲಿಲ್ಲ. ಮಗ ಹಿಂದೆಯೇ ಬಂದಿದ್ದ.

“ಆಂಟಿ, ಇದು ಅಪ್ಪನ್ನ ತೆಗೆದ್ರಲ್ಲ, ಅವರು ಕಳಿಸಿದ್ದಾ?” ಎಂದ ತನ್ನ ಅಮೆರಿಕನ್ ಕನ್ನಡದಲ್ಲಿ.

“ಹೌದಪ್ಪ.”

ಅವನು ಎರಡೂ ಕೈಯಲ್ಲಿ ಮುಚ್ಚಳ ಎತ್ತಿ ಹಿಡಿದ.

ಒಳಗೆ ಬಂದಾಗ ಕ್ಯಾಪ್ಟನ್ ಮತ್ತು ಅವನ ಹೆಂಡತಿ ಬಂದಿದ್ದರು. ಅವನು ಶವಪೆಟ್ಟಿಗೆಯ ಹತ್ತಿರ ನಿಂತು ಡಾಕ್ಟರ ಹೆಸರನ್ನು, ನಮ್ಮ ಕಡೆಯ ಆ ಉದ್ದನೆಯ ಹೆಸರನ್ನು, ಒಂದಕ್ಷರ ತಪ್ಪದೆ ಮೆಲ್ಲಗೆ ಹೇಳಿದ. ಹೆಂಡತಿ ನನ್ನ ಪಕ್ಕ ಬಂದು ಕೂತಳು.

“ಅವತ್ತು ನೀನು ಯಾಕೆ ಇಳಿದು ಬಂದೆ? ನಿನಗೆ ದೂರದಿಂದ ಹೇಗೆ ಗೊತ್ತಾಯಿತು?” ಎಂದು ಕೇಳಿದೆ. ಎಷ್ಟೋ ದಿನದಿಂದ ಕೇಳಬೇಕೆಂದಿದ್ದೆ.

“ನನಗೆ ಏನೂ ಗೊತ್ತಾಗಿರಲಿಲ್ಲ” ಎಂದಳು. “ಅವನು ಎದ್ದು ನಿಂತಿದ್ದ, ನಗುತ್ತಿದ್ದ, ಎಲ್ಲರೂ ಅವನ ಹೆಸರು ಕೂಗುತ್ತಿದ್ದರು. ನಾನೂ ಕೂಗುತ್ತಿದ್ದೆ. ಆ ಇಡೀ ಮೈದಾನದಲ್ಲಿ ಒಬ್ಬ ಮನುಷ್ಯನಿಗೆ ಮಾತ್ರ ಸಿಟ್ಟು ಬಂದಿತ್ತು. ನನ್ನ ಗಂಡನಿಗಾಗಿ ಯಾರಿಗಾದರೂ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹಾಗಾಗಿ ಇಳಿದು ಬಂದೆ.”

ಈ ವಸಂತದಲ್ಲಿ ಕಮ್ಮಿಂಗ್ ಕಡೆಯ ಒಂದು ಹೆಂಗಸರ ರಗ್ಬಿ ತಂಡದವರು ಪಂದ್ಯದ ದಿನ ಬಂದು ನಿಲ್ಲುತ್ತೀರಾ ಎಂದು ನನ್ನನ್ನು ಕೇಳಿದ್ದಾರೆ. ತಲೆಗೆ ಪೆಟ್ಟಾದವಳು ನಾನು ಹೊರಗೆ ಎಂದರೆ ಹೊರಗೆ, ಮತ್ತೊಬ್ಬರು ಮಾತಾಡುವಂತಿಲ್ಲ, ಹಾಗಿದ್ದರೆ ಬರುತ್ತೇನೆ ಎಂದೆ. ಸ್ವಲ್ಪ ಕಟ್ಟುನಿಟ್ಟಾಯಿತಲ್ಲವೇ, ಯೋಚಿಸಿ ಹೇಳುತ್ತೇವೆ ಎಂದರು. ಯೋಚಿಸಿ ಎಂದೆ. ಇನ್ನೂ ಉತ್ತರ ಬಂದಿಲ್ಲ. ಬರದಿದ್ದರೂ ಮೊದಲ ಪಂದ್ಯಕ್ಕೆ ಹೋಗುವವಳೇ, ಗೆರೆಯ ಹತ್ತಿರ ನಿಲ್ಲುವವಳೇ.